ಆಭರಣದ ಕ್ಯಾಟಲಾಗ್ ಮಾಡಲು ಯಾವ ಸಾಫ್ಟ್‌ವೇರ್ ಬೇಕು?

ಸಣ್ಣ ಪ್ರಮಾಣದಲ್ಲಿ ಆಭರಣ ತಯಾರಿಸಿ ಮಾರುವವರು ಸಿಕ್ಕಾಗ ಹೆಚ್ಚುಕಡಿಮೆ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ನಾನೂ ಅದೇ ಕಸುಬಿನವನು. ನನ್ನ ಮೊದಲ ಕ್ಯಾಟಲಾಗನ್ನು ಪುಟವಿನ್ಯಾಸದಿಂದಲೇ ಆರಂಭಿಸಿ ಕೈ ಸುಟ್ಟುಕೊಂಡವನು. ಆದ್ದರಿಂದ ನನ್ನ ಉತ್ತರ ಕೇಳಿದವರಿಗೆ ಸ್ವಲ್ಪ ನಿರಾಸೆಯನ್ನೇ ಉಂಟುಮಾಡುತ್ತದೆ: ಸಾಫ್ಟ್‌ವೇರ್ ಯಾವುದಾದರೂ ಆದೀತು, ಮೊದಲು ಬೇಕಾದದ್ದು ಒಂದು ಪಟ್ಟಿ ಮತ್ತು ಆ ಪಟ್ಟಿಯಲ್ಲಿ ಪ್ರತಿಯೊಂದು ಒಡವೆಗೂ ಒಂದು ಸಂಖ್ಯೆ.

ಆ ಮೊದಲ ಕ್ಯಾಟಲಾಗಿನಲ್ಲಿ ಚಿತ್ರಗಳಿದ್ದವು, ಚೆಂದದ ಹೆಸರುಗಳಿದ್ದವು, ಸಂಖ್ಯೆಗಳಿರಲಿಲ್ಲ. ಗ್ರಾಹಕರೊಬ್ಬರು ಫೋನ್ ಮಾಡಿ ಎಲೆಯಾಕಾರದ ಚಿಕ್ಕ ಓಲೆ ಬೇಕೆಂದರು. ನನ್ನಲ್ಲಿ ಎಲೆಯಾಕಾರದವು ಮೂರು ಬಗೆ ಇದ್ದವು. ನನಗೆ ಚಿಕ್ಕದೆನಿಸಿದ್ದನ್ನು ಕಳುಹಿಸಿದೆ, ಅದು ಮರುವಾರವೇ ಹಿಂದಿರುಗಿ ಬಂತು. ಅಂದಿನಿಂದ ಓಲೆಗೆ ಓ-001, ಉಂಗುರಕ್ಕೆ ಉ-001 ಎಂಬಂತೆ ಸಂಖ್ಯೆ ಕೊಡುತ್ತಿದ್ದೇನೆ. ಮುಂದಿನ ಸೊನ್ನೆಗಳು ಅಲಂಕಾರಕ್ಕಲ್ಲ. ಅವಿಲ್ಲದಿದ್ದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಓ-10 ಎಂಬುದು ಓ-2ಕ್ಕಿಂತ ಮೊದಲು ಬಂದು ಕೂರುತ್ತದೆ. ಫೋಟೋದ ಕಡತಕ್ಕೂ ಅದೇ ಸಂಖ್ಯೆಯನ್ನು ಹೆಸರಾಗಿ ಇಟ್ಟರೆ ಯಾವ ಚಿತ್ರ ಯಾವ ಒಡವೆಯದ್ದು ಎಂದು ತಡಕಾಡುವ ಕೆಲಸ ತಪ್ಪುತ್ತದೆ.

ಪಟ್ಟಿಯಲ್ಲಿ ಏನೇನು ಬರೆಯಬೇಕೆಂಬುದಕ್ಕೆ ಒಂದು ಜೋಡಿ ಓಲೆಯನ್ನೇ ಎದುರಿಗಿಟ್ಟುಕೊಳ್ಳೋಣ. ಓ-014: ಎಲೆಯಾಕಾರದ ಓಲೆ, 925 ಬೆಳ್ಳಿ, ಉದ್ದ 32 ಮಿ.ಮೀ., ಅಗಲ 11 ಮಿ.ಮೀ., ಜೋಡಿಯ ತೂಕ 6.4 ಗ್ರಾಂ, ಹಿಂಬದಿಗೆ ತಿರುಪು. ಇಷ್ಟಿದ್ದರೆ ಕೊಳ್ಳುವವರು ಕೇಳಬಹುದಾದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆಯೇ. ತೂಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ದಿನವಿಡೀ ಕಿವಿಯಲ್ಲಿ ತೂಗುವ ವಸ್ತುವಿನ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ. ಉಂಗುರಕ್ಕಾದರೆ ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆಯಬೇಕು. ಅಳತೆಯ ಸಂಖ್ಯೆಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ, ಮಿಲಿಮೀಟರು ಬೇರೆಯಾಗುವುದಿಲ್ಲ.

ಲೋಹದ ವಿಷಯದಲ್ಲಿ ಬರಿಯ ಬೆಳ್ಳಿ, ಬರಿಯ ಚಿನ್ನ ಎಂದು ಬರೆದರೆ ಸಾಲದು. 925 ಎಂದರೆ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. 18 ಕ್ಯಾರೆಟ್ ಎಂದರೆ ನೂರಕ್ಕೆ 75 ಭಾಗ ಚಿನ್ನ. ಹಿತ್ತಾಳೆಯ ಮೇಲೆ ಚಿನ್ನದ ಲೇಪವಿದ್ದರೆ ಲೇಪವೆಂದೇ ಸ್ಪಷ್ಟವಾಗಿ ಬರೆಯಬೇಕು. ಚಿನ್ನದ ಬಣ್ಣದ್ದು ಎಂಬ ಜಾಣತನದ ಮಾತು ನನಗೆ ಸರಿಕಾಣುವುದಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ಹರಳಿನ ಕ್ಯಾರೆಟ್ ತೂಕದ ಅಳತೆ, ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಚಿನ್ನದ ಕ್ಯಾರೆಟ್ ಶುದ್ಧತೆಯ ಅಳತೆ. ಎರಡನ್ನೂ ನಾವು ಒಂದೇ ಪದದಿಂದ ಕರೆಯುವುದರಿಂದ, ಹರಳಿನ ತೂಕವನ್ನು ಗ್ರಾಮಿನಲ್ಲಿಯೂ ಬರೆದುಬಿಡುವುದು ಒಳ್ಳೆಯದು.

ಇನ್ನು ಫೋಟೋ. ಇಲ್ಲಿ ಆತುರ ಪಡಬಾರದು, ಏಕೆಂದರೆ ನುಣುಪಾದ ಬಳೆ ಕನ್ನಡಿಯ ಜಾತಿಗೆ ಸೇರಿದ್ದು: ಫೋನು, ಅದನ್ನು ಹಿಡಿದ ಕೈ, ಹಿಂದಿನ ಗೋಡೆ ಎಲ್ಲವೂ ಅದರಲ್ಲಿ ಕಾಣಿಸುತ್ತವೆ. ಕಿಟಕಿಯ ಪಕ್ಕದಲ್ಲಿ ಮೇಜು ಹಾಕಿ, ಬೆಳಕು ಬರುವ ಕಡೆ ತೆಳುವಾದ ಬಿಳಿ ಬಟ್ಟೆ ಕಟ್ಟಿ, ಎದುರು ಬದಿಗೆ ಬಿಳಿ ರಟ್ಟನ್ನು ನಿಲ್ಲಿಸಿದರೆ ಬೆಳಕು ಒಡವೆಯ ಸುತ್ತ ಮೆತ್ತಗೆ ಹರಡಿಕೊಳ್ಳುತ್ತದೆ. ಕೋಣೆಯ ದೀಪವನ್ನು ಆರಿಸಲೇಬೇಕು. ಹಗಲಿನ ಬೆಳಕಿನೊಂದಿಗೆ ದೀಪದ ಹಳದಿ ಬೆರೆತರೆ ಬೆಳ್ಳಿಯ ಒಂದು ಮಗ್ಗುಲು ಹಿತ್ತಾಳೆಯಂತೆ ಕಾಣುತ್ತದೆ. ಬಿಳಿಯ ಹಿನ್ನೆಲೆಯಲ್ಲಿ ಬೆಳ್ಳಿಯ ಅಂಚು ಕರಗಿಹೋಗುತ್ತಿದ್ದರೆ ಚೌಕಟ್ಟಿನ ಹೊರಗೆ, ಒಡವೆಯ ಮಗ್ಗುಲಲ್ಲಿ ಕಪ್ಪು ಕಾಗದದ ಒಂದು ಪಟ್ಟಿ ನಿಲ್ಲಿಸಿ ನೋಡಿ: ಅದರ ಪ್ರತಿಬಿಂಬ ಅಂಚಿನುದ್ದಕ್ಕೂ ಸಣ್ಣ ಗೆರೆಯಾಗಿ ಮೂಡಿ ಆಕಾರ ಎದ್ದು ನಿಲ್ಲುತ್ತದೆ. ಫೋನನ್ನು ಒಡವೆಗೆ ತೀರ ಹತ್ತಿರ ಒಯ್ದರೆ ಉಂಗುರದ ಮುಂಭಾಗ ಉಬ್ಬಿದಂತೆ ಬರುವುದರಿಂದ, ಒಂದಿಷ್ಟು ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯುವುದು ಮೇಲು. ಪ್ರತಿ ಒಡವೆಗೂ ಮೊದಲು ಒಂದು ಸಾದಾ ಚಿತ್ರ, ನಂತರ ಮೈಮೇಲೆ ಧರಿಸಿದ ಚಿತ್ರ. ಗಾತ್ರದ ಅಂದಾಜು ಸಿಗುವುದು ಎರಡನೆಯದರಿಂದಲೇ.

ಬೆಲೆಯನ್ನು ಚಿತ್ರದ ಕೆಳಗೆ ಅಚ್ಚು ಹಾಕಿಸಬೇಡಿ. ಲೋಹದ ದರ ದಿನದಿನಕ್ಕೂ ಬದಲಾಗುವಾಗ ಇಡೀ ಕ್ಯಾಟಲಾಗ್ ಹಳತಾಗಿಬಿಡುತ್ತದೆ. ಸಂಖ್ಯೆ ಮತ್ತು ಬೆಲೆ ಮಾತ್ರ ಇರುವ, ಮೇಲ್ಗಡೆ ದಿನಾಂಕ ಬರೆದ ಒಂದು ಬೇರೆ ಹಾಳೆ ಸಾಕು.

ಇಷ್ಟೆಲ್ಲ ಆದ ಮೇಲೆ ಪುಟಗಳನ್ನು ಜೋಡಿಸುವುದು ಒಂದು ಸಂಜೆಯ ಕೆಲಸ, ಮತ್ತು ಅದನ್ನು ನಿಮ್ಮ ಬಳಿ ಈಗಾಗಲೇ ಇರುವ ಯಾವ ಸಾಫ್ಟ್‌ವೇರಿನಲ್ಲಾದರೂ ಮಾಡಬಹುದು. ಪುಟಕ್ಕೆ ನಾಲ್ಕು ಅಥವಾ ಆರು ಒಡವೆ, ಎಲ್ಲಕ್ಕೂ ಒಂದೇ ಹಿನ್ನೆಲೆ. ಮುದ್ರಿಸುವುದಾದರೆ, ಹಾಳೆಗಳನ್ನು ಮಡಚಿ ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯ ಪುಟಸಂಖ್ಯೆ ನಾಲ್ಕರ ಗುಣಕವಾಗಿರಬೇಕು; ಪರದೆಯ ಮೇಲೆ ಹೊಳೆಯುವ ಚಿನ್ನ ಶಾಯಿಯಲ್ಲಿ ಮಂಕಾಗುವುದರಿಂದ ಒಂದು ಪುಟವನ್ನು ಮೊದಲು ಅಚ್ಚು ಹಾಕಿಸಿ ನೋಡಬೇಕು. ಫೋನಿನಲ್ಲಿ ಕಳುಹಿಸುವುದಕ್ಕೆ ಚಿತ್ರಗಳನ್ನು ಕುಗ್ಗಿಸಿದ ಬೇರೆ ಪಿಡಿಎಫ್ ಇರಲಿ.

ಒಡವೆಯೊಂದನ್ನು ಮಾಡುವುದು ನಿಲ್ಲಿಸಿದಾಗ ಕ್ಯಾಟಲಾಗಿನಿಂದ ಅದರ ಚಿತ್ರವನ್ನು ತೆಗೆಯಿರಿ, ಆದರೆ ಆ ಸಂಖ್ಯೆಯನ್ನು ಹೊಸದಕ್ಕೆ ಕೊಡಬೇಡಿ. ಎರಡು ವರ್ಷದ ಹಿಂದೆ ಒಂದು ಕಿವಿಯ ಓಲೆ ಕಳೆದುಹೋಯಿತು, ಉಳಿದದ್ದಕ್ಕೆ ಜೊತೆ ಮಾಡಿಕೊಡಿ ಎಂದು ಯಾರಾದರೂ ಹಳೆಯ ಪುಸ್ತಿಕೆ ಹಿಡಿದು ಬಂದಾಗ, ಓ-014 ಅಂದೂ ಇಂದೂ ಅದೇ ಎಲೆಯಾಗಿರಬೇಕು.