ಖಾಲಿ ಹಾಸಿಗೆಗೂ ದುಡ್ಡು

ಕಣ್ಣೂರಿಗೆ ಹೋಗಿದ್ದ ಭಾವ ಸೆಂಟ್ರಲ್ ಜೈಲಿನ ಚಪಾತಿ ಕಟ್ಟು ತಂದಿದ್ದ. ಅಂಚು ತುಸು ಕರಟಿತ್ತು, ಆದರೂ ಮೆತ್ತಗೆ; ಮಕ್ಕಳು ಕ್ಷಣದಲ್ಲಿ ಖಾಲಿ ಮಾಡಿದರು. ನಮ್ಮ ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲೂ ತೆರೆದ ಜೈಲಿದೆ, ಕೈದಿಗಳು ತೋಟದ ಕೆಲಸ ಮಾಡುತ್ತಾರೆ. "ಇದನ್ನೆಲ್ಲ ಪ್ರೈವೇಟಿಗೆ ಕೊಟ್ಟರೆ ಇನ್ನೂ ಲಾಭ" ಅಂದ ಭಾವ. (ಬಸ್ಸಿನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲಕ್ಕೂ ಅವನದು ಇದೇ ಮದ್ದು.)

ಅಮೆರಿಕದಲ್ಲಿ 1983ರಲ್ಲಿ ಹುಟ್ಟಿದ, ಈಗ ಕೋರ್‌ಸಿವಿಕ್ ಎಂಬ ಹೆಸರಿನ ಕಂಪನಿ ಮಾಡುವುದು ಇದೇ ವ್ಯಾಪಾರ: ಸರ್ಕಾರದಿಂದ ದುಡ್ಡು ತಗೊಂಡು ಜೈಲು ನಡೆಸುವುದು. ಷೇರುಪೇಟೆಯಲ್ಲೂ ಇದೆ. ಅಲ್ಲಿನ ಎಷ್ಟೋ ಖಾಸಗಿ ಜೈಲುಗಳ ಕರಾರಿನಲ್ಲಿ ಶೇ. 80ರಿಂದ 100ರಷ್ಟು ಹಾಸಿಗೆ ತುಂಬಿರಬೇಕು, ಇಲ್ಲದಿದ್ದರೆ ಖಾಲಿ ಹಾಸಿಗೆಗೂ ಸರ್ಕಾರವೇ ದುಡ್ಡು ಕಟ್ಟಬೇಕು ಅಂತ ಷರತ್ತು. ಕಳ್ಳತನ ಕಡಿಮೆಯಾದರೆ ನಷ್ಟ ಯಾರಿಗೆ ಮಾರಾಯರೇ? ಇಸ್ರೇಲಿನ ಸುಪ್ರೀಂ ಕೋರ್ಟು 2009ರಲ್ಲಿ ಖಾಸಗಿ ಜೈಲಿನ ಕಾನೂನನ್ನೇ ರದ್ದು ಮಾಡಿತು. ಅಮೆರಿಕದಲ್ಲಿ ಬೈಡನ್ 2021ರಲ್ಲಿ ಖಾಸಗಿ ಜೈಲುಗಳ ಜೊತೆಗಿನ ಫೆಡರಲ್ (ಕೇಂದ್ರ ಸರ್ಕಾರದ) ಕರಾರು ನವೀಕರಿಸಬೇಡಿ ಅಂದರು, 2025ರಲ್ಲಿ ಟ್ರಂಪ್ ಆ ಆದೇಶವನ್ನೇ ಕಿತ್ತುಹಾಕಿದರು.

ಸರ್ಕಾರಿ ಜೈಲು ಸ್ವರ್ಗ ಅಂತ ನಾನೇನೂ ಹೇಳುತ್ತಿಲ್ಲ. ದೇಶದಲ್ಲಿ ಒಳಗಿರುವವರಲ್ಲಿ ಹೆಚ್ಚಿನವರು ಇನ್ನೂ ವಿಚಾರಣಾಧೀನರೇ. ಆದರೆ ಅವರನ್ನು ಒಂದು ದಿನ ಹೆಚ್ಚು ಕೂರಿಸಿದ್ದಕ್ಕೆ ಜೈಲರನ ಸಂಬಳವಂತೂ ಏರುವುದಿಲ್ಲ. ಜೈಲು ಸಂವಿಧಾನದ ರಾಜ್ಯ ಪಟ್ಟಿಯ ವಿಷಯ, ಅಂದರೆ ರಾಜ್ಯ ಸರ್ಕಾರದ ಕೈಯಲ್ಲಿರುವುದು. ಭಾವ ಅರ್ಜಿ ಹಾಕುವುದಿದ್ದರೆ ತಿರುವನಂತಪುರಕ್ಕೇ ಹಾಕಲಿ.