ಜಗಲಿಯಲ್ಲಿ ಅಜ್ಜಿ, ಜಾಲಿನಲ್ಲಿ ಬಿಸಿಲು

ಜನವರಿ 18, 2026, ಭಾನುವಾರ
ನೀರ್ಚಾಲು, ಕಾಸರಗೋಡು

ಬೆಳಗ್ಗಿನಿಂದ ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ನವೆಂಬರಿನ ಮೊದಲ ಕೊಯ್ಲಿನದ್ದು. ನಲವತ್ತು ದಿನ ಬಿಸಿಲು ಕಂಡಿದೆ, ಅಲುಗಿಸಿದರೆ ಒಳಗೆ ಗಲಗಲ ಅನ್ನುತ್ತದೆ. ಕತ್ತಿಯ ಮೊನೆಗೆ ಒಂದು ಒತ್ತು, ಒಂದು ತಿರುವು. ಸಿಪ್ಪೆ ಈಚೆ, ಚಾಲಿ (ಸುಲಿದ ಒಣ ಅಡಿಕೆ) ಆಚೆ. ಈ ಕೈಯ ಫೋಟೊ ನನಗೆ ಬೇಕೇ ಬೇಕು. ಕ್ಯಾಮೆರಾ ತೆಗೆದುಕೊಂಡದ್ದೇ ಅದಕ್ಕೆ.

ಹತ್ತು ಗಂಟೆಗೆ ಕ್ಯಾಮೆರಾವನ್ನು ಆಟೋ ಮೋಡಿನಲ್ಲಿಟ್ಟು, ಎಲ್ಲ ಅದಕ್ಕೇ ಬಿಟ್ಟು ತೆಗೆದೆ. ಅಜ್ಜಿಯ ಹಿಂದೆ ಜಾಲು, ಅಂದರೆ ಮನೆಯಂಗಳ, ಅಲ್ಲಿ ಹರವಿದ ಅಡಿಕೆ, ಸುಡುವ ಬಿಸಿಲು. ಜಾಲು ಚೆನ್ನಾಗಿ ಬಂತು. ಅಜ್ಜಿ ಮಾತ್ರ ಕಪ್ಪು ನೆರಳು. ಮುಖವೇ ಇಲ್ಲ. ನಾಲ್ಕೈದು ಸಲ ತೆಗೆದರೂ ಅದೇ.

ಮಧ್ಯಾಹ್ನ ಭಾವ ಊಟಕ್ಕೆ ಬಂದಿದ್ದರು. ಅವರು ಹತ್ತಾರು ವರ್ಷದಿಂದ ಯಕ್ಷಗಾನದ ಫೋಟೊ ತೆಗೆಯುವವರು. ನೋಡಿ ಹೇಳಿದರು: "ಕ್ಯಾಮೆರಾಕ್ಕೆ ಅಜ್ಜಿ ಯಾರು, ಅಡಿಕೆ ಯಾವುದು ಗೊತ್ತಿಲ್ಲ. ಕಂಡದ್ದನ್ನೆಲ್ಲ ಸೇರಿಸಿ ಒಂದು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ, ಅಷ್ಟೆ." ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ಮರಳಿಸುವ ಬೂದು ಅದು. ಚೌಕಟ್ಟಿನ ಮುಕ್ಕಾಲು ಪಾಲು ಬಿಸಿಲೇ ಇದ್ದರೆ, "ಓ, ಬೆಳಕು ಜಾಸ್ತಿಯಾಯಿತು" ಅಂತ ಕಡಿಮೆ ಮಾಡುತ್ತದೆ. ಅಜ್ಜಿ ಕತ್ತಲಾದದ್ದು ಹಾಗೆ. ಬಿಳಿ ಮುಂಡು ಬೂದಾಗುವುದಕ್ಕೂ, ಕರಿ ಎಮ್ಮೆ ಬಿಳುಚಿಕೊಳ್ಳುವುದಕ್ಕೂ ಇದೇ ಕಾರಣವಂತೆ.

ಆಮೇಲೆ ಮ್ಯಾನ್ಯುವಲ್‌ಗೆ ಹಾಕಿಸಿದರು, ಅಳತೆಯೆಲ್ಲ ನಾನೇ ಇಡಬೇಕು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತಿನ ಅಂಕೆ, ನನಗೆ ಯಾವಾಗಲೂ ತಲೆಕೆಳಗಾಗಿ ಕಾಣುತ್ತಿತ್ತು. ಸಂಖ್ಯೆ ಹೆಚ್ಚಾದರೆ ತೂತು ಸಣ್ಣದು, ಅದೇಕೆ? ಭಾವ ಚಾಲಿಯ ಗೋಣಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಲೆನ್ಸಿನ ಫೋಕಲ್ ಲೆಂಗ್ತನ್ನು ಆ ಅಂಕೆಯಿಂದ ಭಾಗಿಸಬೇಕು. ನನ್ನ 50 ಎಂ.ಎಂ. ಲೆನ್ಸಿನಲ್ಲಿ ಎಫ್ 2 ಅಂದರೆ ತೂತು 25 ಎಂ.ಎಂ. ಎಫ್ 8 ಅಂದರೆ ಆರು ಎಂ.ಎಂ. ಚಿಲ್ಲರೆ. ಇಷ್ಟು ದಿನ ಬಾಯಿಪಾಠ ಮಾಡಿದ್ದು ಒಂದು ಭಾಗಾಕಾರದಲ್ಲಿ ಮುಗಿಯಿತು! 2, 2.8, 4, 5.6, 8, 11, 16: ಒಂದೊಂದು ಮೆಟ್ಟಿಲಿಗೆ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. ಆ ಮೆಟ್ಟಿಲೇ ಒಂದು ಸ್ಟಾಪ್. ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/125 ರಿಂದ 1/250 ಕ್ಕೆ ಹೋದರೂ ಒಂದು ಸ್ಟಾಪ್ ಕಡಿಮೆ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ 400 ರಿಂದ 800 ಆದರೆ ಒಂದು ಸ್ಟಾಪ್ ಹೆಚ್ಚು, ಆದರೆ ಏರಿಸುತ್ತಾ ಹೋದರೆ ಚಿತ್ರಕ್ಕೆ ಮರಳು ಎರಚಿದ ಹಾಗೆ ಕಾಳು ಬರುತ್ತದೆ. ಕಳೆದ ತಿಂಗಳ ಯಕ್ಷಗಾನದ ಆಟದಲ್ಲಿ ನಾನು ಐಎಸ್‌ಒಗೆ ಹೆದರಿ 1/30 ರಲ್ಲೇ ಉಳಿದಿದ್ದೆ. ಪುಂಡುವೇಷ (ಎಳೆಯ ವೀರನ ಪಾತ್ರ) ದಿಗಿಣ ಹಾಕಿ ಗಿರಗಿರ ತಿರುಗಿ ಹಾರುವಾಗ ಸಿಕ್ಕಿದ್ದು ಬಣ್ಣದ ಗೆರೆಗಳು ಮಾತ್ರ. ಕಾಳು ಬಂದರೂ ವೇಷ ಉಳಿಯುತ್ತಿತ್ತಲ್ವಾ?

ಅಜ್ಜಿಯ ಹತ್ತಿರ ಹೋಗಿ, ಮುಖ ಮಾತ್ರ ಕಾಣುವ ಹಾಗೆ ಹಿಡಿದು ಕ್ಯಾಮೆರಾದ ಬೆಳಕಿನ ಮೀಟರ್ ನೋಡಿದೆ. ಐಎಸ್‌ಒ 400, ಎಫ್ 4, 1/125. ಆಮೇಲೆ ಜಾಲನ್ನು ಮಾತ್ರ ನೋಡಿದೆ. ಎಫ್ 16, 1/500. ಬೆರಳು ಮಡಚಿ ಎಣಿಸಿದೆ: ತೂತಿನಲ್ಲಿ ನಾಲ್ಕು, ಶಟರಿನಲ್ಲಿ ಎರಡು, ಒಟ್ಟು ಆರು ಸ್ಟಾಪ್. ಎರಡನ್ನು ಆರು ಸಲ ಗುಣಿಸಿದರೆ 64. ಜಗಲಿಯ ಅಂಚಿನಿಂದ ಎರಡು ಹೆಜ್ಜೆ ಇಳಿದರೆ 64 ಪಟ್ಟು ಬೆಳಕು! ನಮ್ಮ ಕಣ್ಣು ಎರಡನ್ನೂ ಸಲೀಸಾಗಿ ನೋಡುತ್ತದೆ, ಹಾಗಾಗಿ ನನಗೆ ಅಂದಾಜೇ ಇರಲಿಲ್ಲ.

ಅಜ್ಜಿಯ ಅಳತೆಯಲ್ಲೇ ತೆಗೆದೆ. ಮುಖದ ಸುಕ್ಕು, ಉಗುರಿನ ಸಂದಿಯ ಅಡಿಕೆ ಕಲೆ, ಎಲ್ಲ ಬಂತು. ಕುಣಿಯುವಷ್ಟು ಖುಷಿಯಾಯಿತು. ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಮೋರೆ ಚಂದ ಬಯಿಂದು. ಜಾಲಿಲ್ಲಿ ಅಡಕ್ಕೆಯೇ ಇಲ್ಲೆನ್ನೆ?"

ಹೌದು. ಜಾಲು ಪೂರ್ತಿ ಬಿಳಿ. ಒಂದೇ ಒಂದು ಅಡಿಕೆಯೂ ಇಲ್ಲ. ಅಜ್ಜಿ ತಿಂಗಳುಗಟ್ಟಲೆ ಕೈಯಾಡಿಸಿ ಮಗುಚಿದ ಅಡಿಕೆ ಅದು. ಅದಿಲ್ಲದೆ ಅಜ್ಜಿಯ ಫೋಟೊ ಹೇಗಾದೀತು?

ಭಾವ ಹೊರಡುವಾಗ ಹೇಳಿದ್ದು ಒಂದೇ ಮಾತು: "ಸಂಜೆಯವರೆಗೆ ಕಾದು ನೋಡು."

ಆರು ಗಂಟೆಗೆ ಬಿಸಿಲು ತೋಟದ ಆಚೆ ಇಳಿದ ಮೇಲೆ ಎರಡೂ ಕಡೆ ಮತ್ತೆ ಅಳೆದೆ. ಈಗ ವ್ಯತ್ಯಾಸ ಎರಡೇ ಸ್ಟಾಪ್. ಐಎಸ್‌ಒ 800, ಎಫ್ 4, 1/125. ಅಜ್ಜಿ ಕೊನೆಯ ಬುಟ್ಟಿ ಸುಲಿಯುತ್ತಿದ್ದರು. ಕತ್ತಿಗೆ ಒತ್ತುವ ಕೈ ಸ್ವಲ್ಪ ಅಲುಗಿದೆ, ಇರಲಿ. ಮುಖ ಇದೆ. ಹಿಂದೆ ಜಾಲು ಇದೆ, ಸ್ವಲ್ಪ ಮಸುಕಾಗಿ, ಆದರೆ ಅಡಿಕೆ ಸಾಲು ಸಾಲಾಗಿ ಕಾಣುತ್ತದೆ. ಈ ಸಲ ಅಜ್ಜಿ ಏನೂ ಹೇಳಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, ಬಲಗಡೆ ಮೂಲೆಯಲ್ಲಿ ಇನ್ನೂ ಹಸಿ ಇರುವ ಅಡಿಕೆಯನ್ನು ತೋರಿಸಿದರು.