ಅಲಾರಂ ‘ಆಫ್’ ಆಯಿತು ಅಂದುಕೊಂಡು ಮಲಗಿದ ರಾತ್ರಿ

ಹೋದ ವರ್ಷ ಆಗಸ್ಟ್‌ನಲ್ಲಿ ಒಂದು ರಾತ್ರಿ 10.14ಕ್ಕೆ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಓದಿದೆ. ‘ಥ್ಯಾಂಕ್ಯೂ ಸರ್’ ಅಂತ ಬರೆದು, ಕೈ ಮುಗಿಯುವ ಚಿತ್ರ ಹಾಕಿ, ಫೋನ್ ತಲೆದಿಂಬಿನ ಪಕ್ಕ ಇಟ್ಟು ಮಲಗಿದೆ. ಬೆಳಗ್ಗೆ ಹೋಗಿ ನೋಡಿದರೆ 840 ಲೀಟರ್ ಹಾಲು ಕೆಟ್ಟಿತ್ತು. ವರ್ಷ ಕಳೆದರೂ ಆ ಮೆಸೇಜ್ ಅಳಿಸಿಲ್ಲ. ಆಗಾಗ ತೆಗೆದು ನೋಡುತ್ತೇನೆ.

ನಾನು ಹೊಸನಗರದ ಕಡೆಯ ಒಂದು ಡೈರಿಯಲ್ಲಿ ಟೆಸ್ಟರ್. ಏಳು ವರ್ಷವಾಯಿತು. ಎರಡು ಹೊತ್ತು ಹಾಲು ಅಳೆಯಬೇಕು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಬೇಕು, ಸ್ಲಿಪ್ ಕೊಡಬೇಕು, ಬಿಎಂಸಿಗೆ, ಅಂದರೆ ಹಾಲು ತಣ್ಣಗೆ ಮಾಡಿಡುವ ದೊಡ್ಡ ಟ್ಯಾಂಕಿಗೆ, ಪಂಪ್ ಮಾಡಬೇಕು. ಬೆಳಗ್ಗೆ ಟ್ಯಾಂಕರ್ ಬಂದಾಗ ಡಿಪ್ ಸ್ಟಿಕ್ ಹಾಕಿ ಲೆಕ್ಕ ಒಪ್ಪಿಸಬೇಕು. ಸುತ್ತಲಿನ ನಾಲ್ಕು ಊರಿನ ಹಾಲು ನಮ್ಮ ಬಿಎಂಸಿಗೇ ಬರುತ್ತದೆ. ಅಷ್ಟು ಊರು ಸೇರಿದರೂ ಮಂಡ್ಯದ ಕಡೆಯ ಒಂದು ಊರಿನಷ್ಟು ಹಾಲಾಗುವುದಿಲ್ಲ. ಮಲೆನಾಡು ಗಿಡ್ಡ ತಳಿಯ ಸಣ್ಣ ಹಸು ಕಟ್ಟಿದವರು ಒಂದು ಲೀಟರ್, ಒಂದೂವರೆ ಲೀಟರ್ ತರುತ್ತಾರೆ. ಅದನ್ನೇ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು, ಗದ್ದೆ ಬದುವಿನ ಮೇಲೆ ನಡೆದು ತರುತ್ತಾರೆ. 840 ಲೀಟರ್ ಅಂದರೆ ಎಷ್ಟು ಮನೆಯ ನಡಿಗೆ ಅಂತ ನನಗೆ ಗೊತ್ತು.

ಬಿಎಂಸಿಗೆ ಅದರ ಹಿಂದಿನ ವರ್ಷ ಹೊಸ ಪ್ಯಾನಲ್ ಬಂದಿತ್ತು. ಅದರಲ್ಲಿ ಸಿಮ್ ಇದೆ. ಹಾಲು ಮೂರು ಗಂಟೆಯೊಳಗೆ 4 ಡಿಗ್ರಿಗೆ ಇಳಿಯದಿದ್ದರೆ ಹೂಟರ್ ಹೊಡೆಯುತ್ತದೆ, ಜೊತೆಗೆ ಕಂಪನಿಯ ಕಂಟ್ರೋಲ್ ರೂಮಿಗೂ ತಿಳಿಯುತ್ತದೆ. ಕಂಟ್ರೋಲ್ ರೂಮ್ ಬೇರೆ ರಾಜ್ಯದಲ್ಲಿದೆ. ಅಲ್ಲಿನ ಹುಡುಗರಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ನಮ್ಮ ನಡುವೆ ಇರುವುದು ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷ್.

ಜುಲೈ ಪೂರ್ತಿ ಆ ಹೂಟರ್ ನನ್ನ ಜೀವ ತಿಂದಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ. ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ವೋಲ್ಟೇಜ್ ಇಳಿದಾಗಲೆಲ್ಲ ಹಾಲು ತಣ್ಣಗಿದ್ದರೂ ಹೂಟರ್ ಬಡಿದುಕೊಳ್ಳುತ್ತಿತ್ತು. ಎದುರು ಮನೆಯವರು ಬಂದು ಗಲಾಟೆ ಮಾಡಿದರು. ಐದಾರು ಸಲ ಕಂಪನಿಗೆ ಕಂಪ್ಲೇಂಟ್ ಕೊಟ್ಟೆ. ಅವರು ಪ್ರತಿ ಸಲವೂ ‘ವಿ ವಿಲ್ ಚೆಕ್’ ಅನ್ನುತ್ತಿದ್ದರು. ಯಾರೂ ಬರಲಿಲ್ಲ.

ಹಾಗೆ ಕಾಯುತ್ತಿದ್ದ ನನಗೆ ಅವತ್ತು ರಾತ್ರಿ ಬಂದ ಮೆಸೇಜ್ ಹೀಗಿತ್ತು: ‘ಅಲಾರಂ ವೆಂಟ್ ಆಫ್ ಅಟ್ 10.12’.

ನಾನು ಏನು ಓದಿಕೊಂಡೆ ಅಂತ ಬಿಡಿಸಿ ಹೇಳಬೇಕು. ಅಲಾರಂ ಗೊತ್ತು. ವೆಂಟ್ ಅಂದರೆ ಹೋಯಿತು. ಆಫ್ ಅಂದರೆ ಆಫ್. ಲೈಟ್ ಆಫ್, ಫ್ಯಾನ್ ಆಫ್, ಮೊಬೈಲ್ ಸ್ವಿಚ್ ಆಫ್. ಅಂದರೆ ಅಲಾರಂ ಆಫ್ ಆಗಿಹೋಯಿತು. ಕೊನೆಗೂ ಅಲ್ಲಿಂದಲೇ ಏನೋ ಸರಿಮಾಡಿದ್ದಾರೆ ಅಂತ ಖುಷಿಯಾಯಿತು. ಅದಕ್ಕೇ ಥ್ಯಾಂಕ್ಯೂ. ಆ ಕಡೆಯ ಹುಡುಗ ನನ್ನ ಥ್ಯಾಂಕ್ಯೂ ನೋಡಿ, ಮೇಡಂಗೆ ವಿಷಯ ಮುಟ್ಟಿತು, ಡೈರಿಗೆ ಹೊರಟಿರುತ್ತಾರೆ ಅಂತ ಸುಮ್ಮನಾದ. ಇಬ್ಬರೂ ನೆಮ್ಮದಿಯಾಗಿದ್ದೆವು. ಹಾಲು ಮಾತ್ರ ಹುಳಿಯಾಗುತ್ತಿತ್ತು.

ರಾತ್ರಿ ಡೈರಿಯಲ್ಲೇ ಮಲಗುವ ಹೆಲ್ಪರ್ ಹುಡುಗನಿಗೆ ಅವತ್ತು ವೀಕ್ ಆಫ್. ಹೂಟರ್ ಹೊಡೆದಿದ್ದು ನಿಜ, ಆದರೆ ತಗಡಿನ ಮೇಲೆ ಮಳೆ ಸುರಿಯುವಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ.

ಬೆಳಗ್ಗೆ 5.20ಕ್ಕೆ ಬೀಗ ತೆಗೆದೆ. ಕಂಪ್ರೆಸರ್ ಸದ್ದಿಲ್ಲ. ಹಾಲು 4 ಡಿಗ್ರಿಗೆ ಬಂದರೆ ಅದು ತಾನೇ ನಿಲ್ಲುತ್ತದೆ, ಹಾಗಾಗಿ ಸದ್ದಿಲ್ಲದಿರುವುದು ಒಳ್ಳೆಯದೇ ಅಂದುಕೊಂಡು ಲೈಟ್ ಹಾಕಿದೆ. ಪ್ಯಾನಲ್ ಮೇಲೆ ಕೆಂಪು ದೀಪ. ಕೆಳಗೆ 23 ಅಂತ ತೋರಿಸುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. 23. ಸಂಜೆ ನಾನು ಬೀಗ ಹಾಕಿ ಸ್ವಲ್ಪ ಹೊತ್ತಿಗೇ ಓವರ್‌ಲೋಡ್ ಟ್ರಿಪ್ ಆಗಿ ಕಂಪ್ರೆಸರ್ ನಿಂತಿದೆ. ಆಮೇಲೆ ಇಡೀ ರಾತ್ರಿ ಹಾಲು ಹಾಗೇ ನಿಂತಿದೆ. ಬಿಎಂಸಿಯ ಗೋಡೆ ಫ್ಲಾಸ್ಕ್ ಇದ್ದ ಹಾಗೆ. ತಣ್ಣಗಿದ್ದ ಹಾಲನ್ನು ತಣ್ಣಗೇ ಇಡುತ್ತದೆ, ಬೆಚ್ಚಗಿದ್ದದ್ದನ್ನು ಬೆಚ್ಚಗೇ ಇಡುತ್ತದೆ. ಮೊಸರಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಹಾಗೆ ಆಗಿತ್ತು.

ಆಗ ನಾನು ಮಾಡಿದ ತಪ್ಪು ಹೇಳುತ್ತೇನೆ. ರಾತ್ರಿ ಮೆಸೇಜ್ ತಪ್ಪಾಗಿ ಓದಿದ್ದಕ್ಕಿಂತ ಇದು ನನಗೆ ಜಾಸ್ತಿ ಚುಚ್ಚುತ್ತದೆ. ಟ್ರಿಪ್ ರೀಸೆಟ್ ಮಾಡಿದೆ, ಕಂಪ್ರೆಸರ್ ಶುರುವಾಯಿತು, ಹಾಲು ಕಲಕುವ ಅಜಿಟೇಟರ್ ತಿರುಗತೊಡಗಿತು. ಪ್ಯಾನಲ್ ಎದುರು ನಿಂತು ಆ ಅಂಕಿ ಇಳಿಯುವುದನ್ನೇ ಕಾಯುತ್ತಾ ನಿಂತುಬಿಟ್ಟೆ. 23. ತುಂಬಾ ಹೊತ್ತಿನ ಮೇಲೆ 22. ತಣ್ಣಗಾದರೆ ಸರಿಹೋಗುತ್ತೆ, ಯಾರೂ ಬರುವ ಮುಂಚೆ ಇನ್ನೊಂದು ನಾಲ್ಕು ಡಿಗ್ರಿ ಇಳಿದರೆ ಸಾಕು ಅಂತ ಮನಸ್ಸು ಹೇಳುತ್ತಿತ್ತು. ಹುಳಿಯಾದ ಹಾಲು ತಣ್ಣಗಾದರೂ ಹುಳಿಯೇ ಅಂತ ಏಳು ವರ್ಷದಿಂದ ಊರಿಗೆಲ್ಲ ಹೇಳಿದವಳು ನಾನು. ಅದು ಗೊತ್ತಿದ್ದೂ ಇಪ್ಪತ್ತೈದು ನಿಮಿಷ ಹಾಗೇ ನಿಂತಿದ್ದೆ. ಮೂಸಿ ನೋಡಲಿಲ್ಲ, ಟೆಸ್ಟ್ ಟ್ಯೂಬ್ ಮುಟ್ಟಲಿಲ್ಲ.

ಅಷ್ಟರಲ್ಲಿ ಹೆಲ್ಪರ್ ಹುಡುಗ ಊರಿಂದ ನೇರ ಬಂದಿದ್ದ. ಮೊದಲ ಮೂರು ಜನರ ಹಾಲು ಅಳೆದು, ಎಂದಿನ ಹಾಗೆ ಟ್ಯಾಂಕಿಗೆ ಪಂಪ್ ಮಾಡಿಬಿಟ್ಟಿದ್ದ. ನಾನು ಅವನಿಗೆ ಒಂದು ಮಾತು ಹೇಳಿರಲಿಲ್ಲ. ಪಂಪಿನ ಸದ್ದು ಕೇಳಿದಾಗ ಎಚ್ಚರವಾಯಿತು. ‘ನಿಲ್ಸೋ ನಿಲ್ಸೋ’ ಅಂತ ಕೂಗಿದೆ. ಅವನಿಗೆ ಅರ್ಥವಾಗಿ ಸ್ವಿಚ್ ಆರಿಸುವಷ್ಟರಲ್ಲಿ ಆ ಹಾಲೂ ಹೋಗಿತ್ತು.

ಆಮೇಲೆ ಸಿಒಬಿ ಮಾಡಿದೆ, ಅಂದರೆ ಕುದಿಸಿದರೆ ಹಾಲು ಒಡೆಯುತ್ತದಾ ಅಂತ ನೋಡುವ ಟೆಸ್ಟ್. ಟ್ಯೂಬಿಗೆ ಸ್ವಲ್ಪ ಹಾಲು, ಕೆಳಗೆ ಉರಿ. ಒಳ್ಳೆಯ ಹಾಲು ಕುದ್ದರೂ ಗಾಜಿನ ಮೇಲೆ ನಯವಾಗಿ ಜಾರುತ್ತದೆ. ಇದು ಬೆಚ್ಚಗಾಗುತ್ತಿದ್ದ ಹಾಗೇ ಗಾಜಿಗೆ ಸಣ್ಣ ಸಣ್ಣ ಚುಕ್ಕಿ ಅಂಟಿಕೊಂಡವು, ಆಮೇಲೆ ಅವು ಸೇರಿ ಗಟ್ಟಿಯಾಗಿ ಒಂದು ಕಡೆ, ಹಸಿರು ನೀರು ಒಂದು ಕಡೆ ಆಯಿತು. ಇನ್ನೊಂದು ಟ್ಯೂಬ್ ಹಚ್ಚಿದೆ. ಅದೂ ಹಾಗೇ. ಕೈ ನಡುಗುತ್ತಿತ್ತು.

ಹೊರಗೆ ಲೈನ್ ಉದ್ದವಾಗುತ್ತಿತ್ತು. ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಆ ಹೊತ್ತಿಗೆ ಅದೇ ದೊಡ್ಡ ಉಪಕಾರ. ಬೆಳಗಿನ ಹಾಲನ್ನು ಕ್ಯಾನಿನಲ್ಲೇ ತುಂಬಿಸಿ, ಹಿಂದಿನ ನೀರಿನ ತೊಟ್ಟಿಯಲ್ಲಿ ಇಳಿಸಿ, ಜೀಪ್ ಕಳಿಸುತ್ತೇನೆ, ಪಕ್ಕದ ಬಿಎಂಸಿಗೆ ಹೋಗಲಿ ಅಂದರು. ಹಾಗೇ ಮಾಡಿದೆವು. ಅವತ್ತಿನ ಬೆಳಗಿನ ಹಾಲು ಉಳಿಯಿತು.

ಲೈನಿನಲ್ಲಿ ನಮ್ಮೂರಿನ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು ಇದ್ದರು. ದಿನಾ ಎರಡು ಲೀಟರ್ ಹಾಕುತ್ತಾರೆ. ‘ಎಂತ ಆಯ್ತೇ ಮಾರಾಯ್ತಿ?’ ಅಂದರು. ಕಂಪನಿಯವರ ಮೇಲೆ ಸಿಟ್ಟಿತ್ತು ನನಗೆ. ಅಲಾರಂ ಆಫ್ ಮಾಡಿಬಿಟ್ಟಿದ್ದಾರೆ, ಅದಕ್ಕೇ ಹೀಗಾಯ್ತು, ಇಲ್ಲಿ ನೋಡಿ ಮೇಷ್ಟ್ರೇ ಅಂತ ಫೋನ್ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಓದಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದರು: ‘ವೆಂಟ್ ಆಫ್ ಅಂದ್ರೆ ನಿಂತಿತು ಅಂತಲ್ಲ ಕಣೇ. ಹೊಡ್ಕೊಂಡಿತು ಅಂತ.’

ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ. ಅಲ್ಲೇ ಹಿಂಡಿ ಚೀಲದ ಮೇಲೆ ಕೂತೆ.

ಎದುರು ಗೋಡೆಯ ಮೇಲೆ ಕಂಪನಿಯವರು ಅಂಟಿಸಿದ ಲ್ಯಾಮಿನೇಷನ್ ಹಾಳೆ ಇತ್ತು. ಮೇಷ್ಟ್ರು ಅದರ ನಾಲ್ಕನೇ ಸಾಲಿಗೆ ಬೆರಳಿಟ್ಟರು. ‘ಇಫ್ ದ ಮಿಲ್ಕ್ ಗೋಸ್ ಆಫ್, ಡು ನಾಟ್ ಆಡ್ ಫ್ರೆಶ್ ಮಿಲ್ಕ್’. ಅದನ್ನು ನಾನು ಹಾಲು ಬರುವುದು ನಿಂತರೆ ಅಂತ ಓದಿಕೊಂಡಿದ್ದೆ. ಹಾಲು ಬರುವುದೇ ನಿಂತ ಮೇಲೆ ಹೊಸ ಹಾಲು ಹಾಕುವುದೆಲ್ಲಿಂದ, ಏನೋ ತಪ್ಪು ಬರೆದಿದ್ದಾರೆ ಅಂತ ಬಿಟ್ಟಿದ್ದೆ. ಅಲ್ಲಿ ಗೋಸ್ ಆಫ್ ಅಂದರೆ ಹಾಲು ಕೆಟ್ಟರೆ ಅಂತ. ಅವತ್ತು ಬೆಳಗ್ಗೆ ನನಗೆ ಬೇಕಾಗಿದ್ದ ಮಾತು ಅದೊಂದೇ. ಅದು ಕಣ್ಣೆದುರೇ ತೂಗುತ್ತಿತ್ತು.

ಒಂದೇ ಆಫ್. ಅಲಾರಂಗೆ ಬಂದರೆ ಹೊಡೆಯಿತು. ಹಾಲಿಗೆ ಬಂದರೆ ಕೆಟ್ಟಿತು. ಲೈಟಿಗೆ ಬಂದರೆ ಆರಿತು. ಹೆಲ್ಪರ್ ಹುಡುಗನಿಗೆ ಬಂದರೆ ರಜೆ. ಅಂಗಡಿ ಬೋರ್ಡಿನಲ್ಲಿ ಬಂದರೆ ರಿಯಾಯಿತಿ. ‘ಹಿ ಈಸ್ ಆಫ್ ಟು ಸಾಗರ’ ಅಂದರೆ ಸಾಗರಕ್ಕೆ ಹೊರಟ. ಮೀಟಿಂಗ್ ಕಾಲ್ಡ್ ಆಫ್ ಅಂದರೆ ಮೀಟಿಂಗ್ ರದ್ದು, ಪುಟ್ ಆಫ್ ಅಂದರೆ ಮುಂದಕ್ಕೆ ಹೋಯಿತು ಅಷ್ಟೇ. ಈ ಎರಡರಲ್ಲೂ ಎಷ್ಟು ಜನ ಬಿದ್ದಿರಬಹುದು ಅನ್ನಿಸುತ್ತದೆ.

ಮೇಷ್ಟ್ರು ಮುಂದಿನ ವಾರ ಸಂಜೆ ಹಾಲು ಹಾಕಿದ ಮೇಲೆ ಕೂತು ಇನ್ನೂ ಹೇಳಿದರು. ಒಂದು ಎಫ್ ಇರುವ ಆಫ್, ಎರಡು ಎಫ್ ಇರುವ ಆಫ್, ಎರಡೂ ಹಳೇ ಇಂಗ್ಲಿಷ್‌ನಲ್ಲಿ ಒಂದೇ ಪದವಂತೆ. ಒತ್ತಿ ಹೇಳುವಾಗಿನ ರೂಪ ನಿಧಾನಕ್ಕೆ ಬೇರೆಯಾಗಿ, 17ನೇ ಶತಮಾನದ ಹೊತ್ತಿಗೆ ಎರಡಕ್ಕೂ ಬೇರೆ ಬೇರೆ ಕೆಲಸ ಗಟ್ಟಿಯಾಯಿತಂತೆ. ನಾವು ಕನ್ನಡದಲ್ಲಿ ಬರೆಯುವಾಗ ಅವು ಮತ್ತೆ ಒಂದೇ ಆಗಿಬಿಡುತ್ತವೆ ಅಲ್ವಾ, ಬ್ಯಾಂಕ್ ಆಫ್ ಬರೋಡಾದ ಆಫ್‌ಗೂ ಸ್ವಿಚ್ ಆಫ್‌ನ ಆಫ್‌ಗೂ ನಮಗೆ ವ್ಯತ್ಯಾಸವೇ ಇಲ್ಲ. ಆ ಪದದ ಬುಡದಲ್ಲಿರುವ ಅರ್ಥ ‘ಬಿಟ್ಟು ದೂರ’ ಅಂತ. ಕರೆಂಟ್ ತಂತಿ ಬಿಟ್ಟರೆ ಆಫ್. ಆಳು ಕೆಲಸ ಬಿಟ್ಟು ಮನೆಗೆ ಹೋದರೆ ಆಫ್. ಹಾಲು ತನ್ನ ಒಳ್ಳೆಯ ಗುಣ ಬಿಟ್ಟರೆ ಆಫ್. ಅಲಾರಂ ಹೇಗೆ ಅಂತ ಕೇಳಿದೆ. ‘ಕೋವಿ ನೋಡಿದ್ದೀಯಲ್ಲ. ಕುದುರೆ ಎಳೆದಾಗ ಒಳಗೆ ಹಿಡಿದಿಟ್ಟಿದ್ದು ಬಿಟ್ಕೊಳ್ಳುತ್ತೆ, ಈಡು ಹಾರುತ್ತೆ. ಅದಕ್ಕೂ ವೆಂಟ್ ಆಫ್ ಅಂತಾರೆ. ಪಟಾಕಿಗೂ ಹಾಗೇ. ಅಲಾರಂಗೂ ಹಾಗೇ’ ಅಂದರು. ಇದನ್ನು ಯಾರಾದರೂ ಏಳು ವರ್ಷದ ಹಿಂದೆ ಹೇಳಿದ್ದರೆ ಮರೆಯುತ್ತಿರಲಿಲ್ಲ.

ಆಕ್ಸ್‌ಫರ್ಡ್‌ನ ದೊಡ್ಡ ಡಿಕ್ಷನರಿಯ ವಿಷಯವೂ ಅವರೇ ಹೇಳಿದ್ದು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಅನ್ನುವ ಪದಕ್ಕಂತೆ. ಈಚೆಗೆ ಪರಿಷ್ಕರಿಸಿದಾಗ ‘ರನ್’ ಅದನ್ನು ಹಿಂದೆ ಹಾಕಿತು, ಕ್ರಿಯಾಪದವಾಗಿಯೇ 645 ಅರ್ಥ. ದೊಡ್ಡ ದೊಡ್ಡ ಪದಗಳಿಗೆ ನಾವು ಹೆದರುತ್ತೇವೆ. ರೆಫ್ರಿಜರೇಶನ್, ಕಂಡೆನ್ಸರ್, ಇವೆಲ್ಲ ನನಗೆ ಯಾವತ್ತೂ ಮೋಸ ಮಾಡಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ, ಕೇಳುತ್ತೇವೆ. ಆಫ್ ಗೊತ್ತಿಲ್ಲ ಅಂತ ಯಾರು ಕೇಳುತ್ತಾರೆ?

ಕನ್ನಡವೂ ಕಮ್ಮಿಯಿಲ್ಲ. ನಮ್ಮ ಡೈರಿ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತರೆ ಸಾಕು. ಹಸು ಕೊಟ್ಟಿಗೆಯಲ್ಲಿ ಕಟ್ಟಿದ್ದೀನಿ, ಗಬ್ಬ ಕಟ್ಟಿದೆ, ಕೆಚ್ಚಲು ಕಟ್ಟಿದೆ, ವಿಮೆ ಕಟ್ಟಿದ್ದೀನಿ, ಮೂಗು ಕಟ್ಟಿದೆ, ಮೋಡ ಕಟ್ಟಿದೆ. ಒಬ್ಬರೇ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನಮಗೆ ಎಲ್ಲೂ ತೊಡಕಾಗುವುದಿಲ್ಲ. ದೀಪ ದೊಡ್ಡದು ಮಾಡು ಅಂತ ನನ್ನ ಅತ್ತೆ ಹೇಳಿದರೆ ದೀಪ ಆರಿಸುತ್ತೇನೆ. ಆ ಕಂಟ್ರೋಲ್ ರೂಮಿನ ಹುಡುಗನಿಗೆ ಹಾಗೆ ಹೇಳಿದರೆ ಎಣ್ಣೆ ಸುರಿದು ಬತ್ತಿ ಏರಿಸುತ್ತಾನೆ. ಹಾಗಾಗಿ ಅವನ ಮೇಲಿನ ಸಿಟ್ಟು ಹೋಯಿತು.

ಸಿಟ್ಟು ಹೋಗದೆ ಉಳಿದಿದ್ದು ಆಮೇಲೆ ಇದರ ಬಗ್ಗೆ ನಡೆದ ಮೀಟಿಂಗಿನ ಮೇಲೆ. ಕಂಪನಿಯಿಂದ ಒಬ್ಬರು ಬಂದಿದ್ದರು. ಮೇಲಿನ ಆಫೀಸಿನವರೂ ಇದ್ದರು. ಸಂಘಕ್ಕಾದ ನಷ್ಟ ದೊಡ್ಡದು, ಉತ್ತರ ಕೇಳುವುದು ಸರಿಯೇ. ನಾನು ವಿವರಣೆ ಬರೆದುಕೊಟ್ಟೆ, ಇಪ್ಪತ್ತೈದು ನಿಮಿಷ ನಿಂತಿದ್ದನ್ನೂ ಬರೆದೆ. ಆದರೆ ಟೆಸ್ಟರ್‌ಗೆ ಇಂಗ್ಲಿಷ್ ಯಾಕೆ ಬರುವುದಿಲ್ಲ ಅಂತ ಮೂರು ಸಲ ಕೇಳಿದರು. ಕನ್ನಡದವರು ನಡೆಸುವ ಮಷೀನ್ ಕನ್ನಡದಲ್ಲಿ ಯಾಕೆ ಹೇಳುವುದಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಕೇಳಿದೆ. ಪ್ಯಾನಲ್‌ಗೆ ಕನ್ನಡ ಅಕ್ಷರ ಬರುವುದಿಲ್ಲ ಅಂದರು. ಹಾಗಾದರೆ ಗೋಡೆಗೆ ಬರುತ್ತದಲ್ಲ ಅಂದೆ.

ಮೇಷ್ಟ್ರು, ಹೆಲ್ಪರ್ ಹುಡುಗ, ನಾನು ಕೂತು ಆ ಹಾಳೆಯನ್ನು ಕನ್ನಡದಲ್ಲಿ ಬರೆದೆವು. ಒಟ್ಟು ಹನ್ನೊಂದು ಸಾಲು. ನಾಲ್ಕನೇ ಸಾಲು: ‘ಟ್ಯಾಂಕಿನ ಹಾಲು ಹುಳಿಯಾಗಿದ್ದರೆ ಹೊಸ ಹಾಲು ಹಾಕಬೇಡಿ. ಮೊದಲು ಪಕ್ಕದವರಿಗೆ ಹೇಳಿ.’ ಪಕ್ಕದವರಿಗೆ ಹೇಳಿ ಅನ್ನುವುದು ಇಂಗ್ಲಿಷ್ ಹಾಳೆಯಲ್ಲಿ ಇರಲಿಲ್ಲ. ಅದನ್ನು ಸೇರಿಸಿದ್ದು ನಾನು.

ಕಂಟ್ರೋಲ್ ರೂಮಿಗೂ ಒಂದು ಮಾತು ಹೇಳಿದೆ. ಮೆಸೇಜ್ ಬೇಡ, ಫೋನ್ ಮಾಡಿ. ನಾನು ಥ್ಯಾಂಕ್ಯೂ ಅಂದರೆ ಒಪ್ಪಬೇಡಿ, ‘ಡಿಗ್ರಿ ಎಷ್ಟಿದೆ ಹೇಳಿ’ ಅಂತ ಕೇಳಿ. ಡಿಗ್ರಿ ಹೇಳಬೇಕಾದರೆ ಎದ್ದು ಹೋಗಿ ನೋಡಲೇಬೇಕು.

ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಬಂತು. ಅದೇ ಹುಡುಗ. ಹಲೋ ಅನ್ನುವ ಮುಂಚೆಯೇ, ‘ಮೇಡಂ, ಅಲಾರಂ ಹೊಡೀತಾ ಇದೆ’ ಅಂದ. ಕನ್ನಡದಲ್ಲೇ. ಯಾರ ಹತ್ತಿರ ಕೇಳಿ ಕಲಿತನೋ. ರೇನ್‌ಕೋಟ್ ಹಾಕಿಕೊಂಡು, ಟಾರ್ಚ್ ಹಿಡಿದು ಹೋದೆ. ಹೆಲ್ಪರ್ ಹುಡುಗ ಆಗಲೇ ಎದ್ದು ಜನರೇಟರ್ ಹಾಕಿದ್ದ. ಡಿಗ್ರಿ 11 ಇತ್ತು. ಫೋನ್ ಕಟ್ ಮಾಡದೆ ಅವನಿಗೆ ಅದನ್ನು ಓದಿ ಹೇಳಿದೆ. 10 ಆಗುವವರೆಗೂ ಅವನು ಲೈನಿನಲ್ಲೇ ಇದ್ದ.